ಪಿಕಪ್‌ಗೆ ಸಿಂಥೆಟಿಕ್ ಆಯಿಲ್ ಬೇಕಾ? ಮೊದಲು ಕ್ಯಾನಿನ ಹಿಂಬದಿ ಓದಿ

ಪ್ರಶ್ನೆ: ನಾನು ಮಲ್ಪೆಯಿಂದ ಮೀನು ಸಾಗಿಸುವವನು. ಎರಡು ಪಿಕಪ್ ಇವೆ. ಹಳೆಯದು 2014ರದ್ದು, ಟರ್ಬೊ ಡೀಸೆಲ್, 2.3 ಲಕ್ಷ ಕಿ.ಮೀ. ಓಡಿದೆ. ವಾರಕ್ಕೆ ಮೂರ್ನಾಲ್ಕು ಸಲ ಲೋಡು ಹೊತ್ತುಕೊಂಡು ಆಗುಂಬೆ ಘಾಟಿ ಹತ್ತಿ ಶಿವಮೊಗ್ಗಕ್ಕೆ ಹೋಗುತ್ತದೆ. ತಿಂಗಳಿಗೆ ಸುಮಾರು 3,000 ಕಿ.ಮೀ. ಆಗುತ್ತದೆ. ಹೊಸದು 2022ರ ಬಿಎಸ್6 ಗಾಡಿ. ಅದನ್ನು ಮಗ ಉಡುಪಿ, ಮಣಿಪಾಲದ ಹೋಟೆಲುಗಳಿಗೆ ಮೀನು ಹಾಕಲು ಓಡಿಸುತ್ತಾನೆ. ಹಳೆ ಗಾಡಿಗೆ ಮೊದಲಿನಿಂದಲೂ ಮಿನರಲ್ 15ಡಬ್ಲ್ಯು-40 ಆಯಿಲ್, 10,000 ಕಿ.ಮೀ.ಗೆ ಒಮ್ಮೆ ಚೇಂಜ್. ಈಗ ಆಯಿಲ್ ಅಂಗಡಿಯವರು ಸಿಂಥೆಟಿಕ್ ಹಾಕಿ, 20,000ದವರೆಗೆ ಮುಟ್ಟುವುದು ಬೇಡ ಎನ್ನುತ್ತಾರೆ. ನಮ್ಮ ಮೆಕ್ಯಾನಿಕ್ ಕೇಳಿದರೆ, ಹಳೆ ಎಂಜಿನ್‌ಗೆ ಸಿಂಥೆಟಿಕ್ ಹಾಕಿದರೆ ಸೀಲು ಹೋಗಿ ಸೋರುತ್ತದೆ, ಆಮೇಲೆ ಮಿನರಲ್‌ಗೆ ವಾಪಸ್ ಬರಲಿಕ್ಕೂ ಆಗುವುದಿಲ್ಲ ಎನ್ನುತ್ತಾರೆ. 6 ಲೀಟರಿಗೆ ಮಿನರಲ್ ಆದರೆ 2,200 ರೂಪಾಯಿ, ಸಿಂಥೆಟಿಕ್ ಆದರೆ 4,800. ಎರಡು ಗಾಡಿಗೂ ಒಂದೇ ಆಯಿಲ್ ಹಾಕಬಹುದಾ? ಇನ್ನೊಂದು ವಿಷಯ. ಕಳೆದ ತಿಂಗಳು ಹೊಸ ಗಾಡಿಯಲ್ಲಿ ಆಯಿಲ್ ಕಮ್ಮಿ ಕಂಡಿತು ಅಂತ ಮಗ ಹಳೆ ಗಾಡಿಯ ಆಯಿಲನ್ನೇ ಒಂದು ಲೀಟರ್ ಸುರಿದಿದ್ದಾನೆ. ತೊಂದರೆ ಆಗುತ್ತದಾ?
ಓದುಗರೊಬ್ಬರು, ಮಲ್ಪೆ

ಉತ್ತರ: ನೀವು ತಲೆಬಿಸಿ ಮಾಡಿಕೊಂಡಿರುವುದು ಹಳೆ ಗಾಡಿಯ ಬಗ್ಗೆ. ಪತ್ರ ಓದುವಾಗ ನನಗೆ ತಲೆಬಿಸಿಯಾದದ್ದು ಹೊಸ ಗಾಡಿಯ ಬಗ್ಗೆ. ಹಳೆಯದಕ್ಕೆ ಮಿನರಲ್ ಹಾಕಿದರೂ ನಡೆಯುತ್ತದೆ, ಸಿಂಥೆಟಿಕ್ ಹಾಕಿದರೂ ನಡೆಯುತ್ತದೆ. ವ್ಯತ್ಯಾಸ ನಿಮ್ಮ ಕಿಸೆಗೆ ಮಾತ್ರ. ಹೊಸದಕ್ಕೆ ತಪ್ಪು ಆಯಿಲ್ ಹೋಗುತ್ತಾ ಇದ್ದರೆ ಹತ್ತಾರು ಸಾವಿರ ರೂಪಾಯಿಯ ಪಾರ್ಟ್ ಹಾಳಾಗುತ್ತದೆ.

ಯಾವ ಕಂಪನಿಯ ಗಾಡಿ ಎಂದು ನೀವು ಬರೆದಿಲ್ಲ. ಹಾಗಾಗಿ ಇದನ್ನು ಓದುವಾಗ ಎರಡೂ ಗಾಡಿಯ ಮ್ಯಾನ್ಯುಯಲ್ ಹತ್ತಿರ ಇಟ್ಟುಕೊಳ್ಳಿ. ಹಳೆಯದರ ಪುಸ್ತಕ ಗೆದ್ದಲು ತಿಂದಿದ್ದರೆ ಶೋರೂಮಿನ ಸರ್ವಿಸ್‌ನವರನ್ನು ಕೇಳಿದರೆ ಹೇಳುತ್ತಾರೆ.

ಮೊದಲು ಈ ಸಿಂಥೆಟಿಕ್ ಅಂದರೆ ಏನು ಅಂತ ನೋಡೋಣ. ಕ್ಯಾನಿನಲ್ಲಿರುವುದರಲ್ಲಿ ಹೆಚ್ಚಿನ ಪಾಲು ಬೇಸ್ ಆಯಿಲ್, ಉಳಿದದ್ದು ಮದ್ದುಗಳು. ಮಸಿಯನ್ನು ತೇಲಿಸಿಟ್ಟುಕೊಳ್ಳಲು ಒಂದು, ಆಮ್ಲವನ್ನು ಕೊಲ್ಲಲು ಒಂದು, ಲೋಹಕ್ಕೆ ಲೋಹ ಉಜ್ಜದಂತೆ ತಡೆಯಲು ಒಂದು, ಹೀಗೆ. ಬೇಸ್ ಆಯಿಲನ್ನು ಎಪಿಐ ಎಂಬ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಐದು ಗುಂಪು ಮಾಡಿದೆ. 1 ಮತ್ತು 2ನೇ ಗುಂಪು ಕಚ್ಚಾ ತೈಲದಿಂದ ಶುದ್ಧ ಮಾಡಿ ತೆಗೆದದ್ದು, ನಾವು ಮಿನರಲ್ ಅನ್ನುವುದು ಇದನ್ನೇ. 4ನೆಯದು ಕಾರ್ಖಾನೆಯಲ್ಲಿ ಅಣುವಿಗೆ ಅಣು ಜೋಡಿಸಿ ಕಟ್ಟಿದ್ದು, ನಿಜವಾದ ಸಿಂಥೆಟಿಕ್. ಬೇರೆ ಗುಂಪಿಗೆ ಸೇರದವೆಲ್ಲ 5ನೆಯದರಲ್ಲಿ. ನಡುವಿನ 3ನೇ ಗುಂಪೇ ಸ್ವಾರಸ್ಯ. ಅದು ಕಚ್ಚಾ ತೈಲದಿಂದಲೇ ಬಂದದ್ದು. ಆದರೆ ಹೈಡ್ರೋಜನ್, ಒತ್ತಡ, ಬಿಸಿ ಎಲ್ಲ ಕೊಟ್ಟು ಅಣುಗಳ ಆಕಾರವನ್ನೇ ಬದಲಿಸಿರುತ್ತಾರೆ. ಇದನ್ನು ಸಿಂಥೆಟಿಕ್ ಎಂದು ಮಾರಬಹುದಾ ಎಂದು ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ಕಂಪನಿಗಳಿಗೆ ದೊಡ್ಡ ಜಗಳವೇ ಆಯಿತು. 1999ರಲ್ಲಿ ಅಲ್ಲಿನ ಜಾಹೀರಾತು ಪರಿಶೀಲನಾ ಮಂಡಳಿ ಮಾರಬಹುದು ಎಂದಿತು. ಅಂದಿನಿಂದ ಅಂಗಡಿಯ ‘ಫುಲ್ಲಿ ಸಿಂಥೆಟಿಕ್’ ಕ್ಯಾನುಗಳಲ್ಲಿ ಹೆಚ್ಚಿನವು ಈ 3ನೇ ಗುಂಪಿನವೇ. ಅದರಲ್ಲಿ ಮೋಸ ಏನಿಲ್ಲ, ಒಳ್ಳೆಯ ಎಣ್ಣೆಯೇ. ಸೆಮಿ ಸಿಂಥೆಟಿಕ್ ಕಥೆ ಸ್ವಲ್ಪ ಬೇರೆ. ಅದರಲ್ಲಿ ಸಿಂಥೆಟಿಕ್ ಎಷ್ಟು ಪಾಲು ಅಂತ ಕ್ಯಾನಿನ ಮೇಲೆ ಯಾರೂ ಬರೆಯುವುದಿಲ್ಲ.

ಸಿಂಥೆಟಿಕ್‌ನ ಗುಣ ಎರಡು ಕಡೆ ಕಾಣುತ್ತದೆ, ವಿಪರೀತ ಚಳಿಯಲ್ಲಿ ಮತ್ತು ವಿಪರೀತ ಬಿಸಿಯಲ್ಲಿ. ಜಾಹೀರಾತಿನಲ್ಲಿ ಚಳಿಯದ್ದೇ ಜಾಸ್ತಿ ಮಾತು. 15ಡಬ್ಲ್ಯು-40ರಲ್ಲಿ ಮೊದಲ ಸಂಖ್ಯೆ ಚಳಿಯದ್ದು. 15ಡಬ್ಲ್ಯು ಆಯಿಲನ್ನು ಮೈನಸ್ 20 ಡಿಗ್ರಿಯಲ್ಲಿ ಎಂಜಿನ್ ತಿರುಗುತ್ತದಾ ಎಂದು ಪರೀಕ್ಷೆ ಮಾಡುತ್ತಾರೆ, 5ಡಬ್ಲ್ಯು ಆಯಿಲನ್ನು ಮೈನಸ್ 30ರಲ್ಲಿ. ನಮ್ಮಲ್ಲಿ ಮಾಗಿ ಚಳಿಗೆ ಬಾಟ್ಲಿಯ ತೆಂಗಿನೆಣ್ಣೆ ಹೆಪ್ಪುಗಟ್ಟಿದರೇ ದೊಡ್ಡ ಚಳಿ, ಅದಕ್ಕೆ 24 ಡಿಗ್ರಿ ಸಾಕು. ಮಲ್ಪೆಯಲ್ಲಿ ಓಡುವ ಗಾಡಿಗೆ ಮೈನಸ್ 30ರ ಗುಣಕ್ಕೆ ದುಡ್ಡು ಕೊಡುವುದು ಸುಮ್ನೆ ದಂಡ.

ಬಿಸಿಯದ್ದು ಹಾಗಲ್ಲ. ಅದು ನಿಮಗೆ ನೇರ ಸಂಬಂಧಪಟ್ಟದ್ದು. ಸೋಮೇಶ್ವರ ದಾಟಿ ಆ 14 ತಿರುವುಗಳನ್ನು ಲೋಡಿನಲ್ಲಿ ಹತ್ತುವಾಗ ಎಂಜಿನ್ ಒಂದು, ಎರಡನೇ ಗೇರಿನಲ್ಲಿ ಪೂರ್ತಿ ಶಕ್ತಿ ಹಾಕಿ ದುಡಿಯುತ್ತಿರುತ್ತದೆ. ಗಾಡಿಯ ವೇಗ ಇಲ್ಲ, ಗಾಳಿ ಸಾಲುವುದಿಲ್ಲ. ಟರ್ಬೊದ ಒಳಗಿನ ಶಾಫ್ಟು ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದಕ್ಕೆ ಆಧಾರ ಎಣ್ಣೆಯ ತೆಳು ಪದರ ಮಾತ್ರ. ಈ ಬಿಸಿಗೆ ಮಿನರಲ್ ಆಯಿಲ್ ಬೇಗ ಕೆಡುತ್ತದೆ. ಸ್ವಲ್ಪ ಆವಿಯಾಗುತ್ತದೆ, ಉಳಿದದ್ದು ದಪ್ಪವಾಗುತ್ತದೆ, ಪಿಸ್ಟನ್ ರಿಂಗಿನ ಸಂದಿಯಲ್ಲಿ ಕರಿ ಕಟ್ಟುತ್ತದೆ. ಸಿಂಥೆಟಿಕ್ ಇದನ್ನು ಹೆಚ್ಚು ಹೊತ್ತು ತಡೆದುಕೊಳ್ಳುತ್ತದೆ. ಇದು ನಿಜವಾದ ಲಾಭ, ಜಾಹೀರಾತಿನದ್ದಲ್ಲ.

ಆದರೆ ಒಂದು ಮಾತು ಮಾರಾಯ್ರೆ. ಬಿಚ್ಚಿದ ಟರ್ಬೊಗಳಲ್ಲಿ ನಾನು ಕಂಡ ಹೆಚ್ಚಿನ ಹಾಳು ಆಯಿಲಿನ ಜಾತಿಯಿಂದ ಆದದ್ದಲ್ಲ. ಘಾಟಿ ಹತ್ತಿದ ಕೂಡಲೇ ಆಗುಂಬೆ ಪೇಟೆಯಲ್ಲಿ ಚಾ ಕುಡಿಯಲು ನಿಲ್ಲಿಸಿ ಟಪ್ ಅಂತ ಕೀ ತೆಗೆಯುವುದರಿಂದ ಆದದ್ದು. ಎಂಜಿನ್ ನಿಂತರೆ ಎಣ್ಣೆಯ ಪಂಪೂ ನಿಲ್ಲುತ್ತದೆ. ಕೆಂಡದಂತಿರುವ ಟರ್ಬೊದೊಳಗೆ ನಿಂತ ಎಣ್ಣೆ ಅಲ್ಲೇ ಸುಟ್ಟು ಕರಿಯಾಗುತ್ತದೆ. ಒಂದೆರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು ಆಮೇಲೆ ಆಫ್ ಮಾಡಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಈಗ ನಿಮ್ಮ ಮೆಕ್ಯಾನಿಕ್ ಹೇಳಿದ್ದು. ಸಿಂಥೆಟಿಕ್ ಸೀಲು ತಿನ್ನುತ್ತದೆ ಎಂಬ ಮಾತಿಗೆ ಬುಡವೇ ಇಲ್ಲ ಎಂದು ನಾನು ಹೇಳುವುದಿಲ್ಲ. 1970ರ ದಶಕದಲ್ಲಿ ಮೊದಲ ಸಿಂಥೆಟಿಕ್‌ಗಳು ಬಂದಾಗ ಕೆಲವಕ್ಕೆ ರಬ್ಬರ್ ಸೀಲಿನ ಜೊತೆ ಸರಿ ಹೊಂದುತ್ತಿರಲಿಲ್ಲ. ಆಮೇಲೆ ಮದ್ದು ಸೇರಿಸಿ ಅದನ್ನು ಸರಿ ಮಾಡಿದರು. ಈಗಿನ ಆಯಿಲುಗಳಲ್ಲಿ ಆ ಸಮಸ್ಯೆ ಇಲ್ಲ. ಆದರೂ ಗ್ಯಾರೇಜಿನಲ್ಲಿ ಸಿಂಥೆಟಿಕ್ ಹಾಕಿದ ಮೇಲೆ ಸೋರಲು ಶುರುವಾದ ಹಳೆ ಗಾಡಿ ಕಾಣಸಿಗುತ್ತದೆ. ನಿಮ್ಮ ಮೆಕ್ಯಾನಿಕ್ ನೋಡಿದ್ದು ಅದನ್ನೇ ಇರಬೇಕು. ಕಾರಣ ಇಷ್ಟು: ಸೀಲು ಮೊದಲೇ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ವರ್ಷಗಟ್ಟಲೆ ಕೂತ ಗಸಿ ಆ ಬಿರುಕಿಗೆ ಬೆಣೆ ಹಾಕಿದ ಹಾಗೆ ಕೂತಿರುತ್ತದೆ. ಹೊಸ ಆಯಿಲ್ ಬಂದು ಗಸಿ ತೊಳೆಯಿತು, ಬಿರುಕು ಬಯಲಾಯಿತು. ಅದರಲ್ಲೂ 15ಡಬ್ಲ್ಯು-40 ಇದ್ದ ಕಡೆ ತೆಳುವಾದ 5ಡಬ್ಲ್ಯು-30 ಹಾಕಿದ್ದರೆ ಬೇಗ ಗೊತ್ತಾಗುತ್ತದೆ. ನಿಮ್ಮ ಹಳೆ ಎಂಜಿನಿನ ಕೆಳಗೆ ಈಗಲೇ ಎಣ್ಣೆಯ ಪಸೆ ಇದೆಯಾ ನೋಡಿ. ಇದ್ದರೆ ಮೊದಲು ಸೀಲು ಹಾಕಿಸಿ.

ವಾಪಸ್ ಬರಲಿಕ್ಕೆ ಆಗುವುದಿಲ್ಲ ಎಂಬುದು ಮಾತ್ರ ಪೂರ್ತಿ ಸುಳ್ಳು. ಎಪಿಐ ಗುರುತು ಇರುವ ಆಯಿಲುಗಳು ಒಂದರ ಜೊತೆ ಒಂದು ಬೆರೆಯಬೇಕು ಎಂಬುದೇ ನಿಯಮ. ಇವತ್ತು ಸಿಂಥೆಟಿಕ್ ಹಾಕಿ ಮುಂದಿನ ಸಲ ಮಿನರಲ್ ಹಾಕಿದರೆ ಎಂಜಿನ್ ಕೋಪ ಮಾಡಿಕೊಳ್ಳುವುದಿಲ್ಲ. ಹಾಗೆಯೇ ಆಯಿಲ್ ಕಪ್ಪಾಯಿತು ಅಂದರೆ ಕೆಟ್ಟಿತು ಎನ್ನುವುದೂ ಡೀಸೆಲ್ ಗಾಡಿಗೆ ಹೊಂದುವುದಿಲ್ಲ. ಹಾಕಿದ ಕೆಲವೇ ದಿನದಲ್ಲಿ ಕಪ್ಪಾಗುವುದು ಮಸಿಯನ್ನು ಹಿಡಿದಿಟ್ಟುಕೊಂಡದ್ದರಿಂದ, ಅದು ಆಯಿಲಿನ ಕೆಲಸವೇ.

ಅಂಗಡಿಯವರ 20,000ದ ಮಾತಿಗೆ ಬರೋಣ. ನೀವೇ ಕೊಟ್ಟ ಸಂಖ್ಯೆಯಿಂದ ಲೆಕ್ಕ ಹಾಕಿದೆ. ಮೀನುಗಾರಿಕೆ ನಿಷೇಧದ ಜೂನ್, ಜುಲೈ ಬಿಟ್ಟರೆ ವರ್ಷಕ್ಕೆ 10 ತಿಂಗಳು, ಅಂದರೆ 30,000 ಕಿ.ಮೀ. ಮಿನರಲ್ ಆದರೆ ಮೂರು ಚೇಂಜ್, 6,600 ರೂಪಾಯಿ. ಸಿಂಥೆಟಿಕ್ ಹಾಕಿ 10,000ಕ್ಕೇ ಬದಲಿಸಿದರೆ 14,400. ಅವರು ಹೇಳಿದ ಹಾಗೆ 20,000ಕ್ಕೆ ಬದಲಿಸಿದರೆ ವರ್ಷಕ್ಕೆ ಒಂದೂವರೆ ಚೇಂಜ್, 7,200. ಫಿಲ್ಟರಿನ ಖರ್ಚು ಸೇರಿಸಿದರೆ ಮಿನರಲ್‌ಗೂ ಇದಕ್ಕೂ ಹತ್ತಿರ ಹತ್ತಿರ ಸಮ. ನೋಡಿ, ಅವಧಿ ಎರಡು ಪಟ್ಟು ಎಳೆದರೂ ನಿಮಗೆ ಉಳಿತಾಯ ಇಲ್ಲ. ಉಳಿತಾಯ ಇಲ್ಲದ ಮೇಲೆ ಎಳೆಯುವುದು ಯಾಕೆ?

ಎಳೆಯುವುದರಲ್ಲಿ ಅಪಾಯ ಇದೆ. ಬೇಸ್ ಆಯಿಲ್ ಕೆಡದೆ ಉಳಿದರೂ ಮದ್ದುಗಳು ತೀರುತ್ತವೆ, ಮಸಿ ತುಂಬುತ್ತದೆ. ಸಿಂಥೆಟಿಕ್ ಆದರೂ ಮಸಿ ಅಷ್ಟೇ ಬೀಳುತ್ತದೆ, ಯಾಕೆಂದರೆ ಮಸಿ ಬರುವುದು ಡೀಸೆಲ್ ಉರಿಯುವುದರಿಂದ. ಜೊತೆಗೆ ನಮ್ಮ ಮುರಕಲ್ಲಿನ ಕೆಂಪು ಧೂಳು. ಏರ್ ಫಿಲ್ಟರ್ ಸರಿ ಕೂರದಿದ್ದರೆ ಅದು ಒಳಗೆ ಹೋಗಿ ಎಣ್ಣೆಯಲ್ಲಿ ಸೇರಿ ಸಿಲಿಂಡರಿನ ಒಳಗೋಡೆಯನ್ನು ಉಜ್ಜುತ್ತದೆ, ಯಾವ ಆಯಿಲೂ ಅದನ್ನು ತಡೆಯುವುದಿಲ್ಲ. ಮ್ಯಾನ್ಯುಯಲ್‌ನ ಆಯಿಲ್ ಪುಟದಲ್ಲಿ ‘ಕಠಿಣ ಬಳಕೆ’ ಎಂಬ ಅರ್ಥದ ಸಣ್ಣ ಅಕ್ಷರದ ಸಾಲು ಇರುತ್ತದೆ. ಗುಡ್ಡ ಹತ್ತುವುದು, ಭಾರದ ಲೋಡು, ಧೂಳು, ಹತ್ತಿರ ಹತ್ತಿರದ ಓಡಾಟ, ಹೆಚ್ಚು ಹೊತ್ತು ಐಡ್ಲಿಂಗ್ ಇದ್ದರೆ ಅವಧಿ ಕಡಿಮೆ ಮಾಡಿ ಎನ್ನುತ್ತದೆ ಅದು. ನಿಮ್ಮ ಎರಡು ಗಾಡಿಯೂ ಸೇರಿ ಈ ಪಟ್ಟಿಯನ್ನು ಪೂರ್ತಿ ಮಾಡಿವೆ! ಹಳೆ ಗಾಡಿ ನನ್ನದಾಗಿದ್ದರೆ ಒಳ್ಳೆಯ ಮಿನರಲ್ 15ಡಬ್ಲ್ಯು-40 ಹಾಕಿ, 10,000ಕ್ಕೆ ಕಾಯದೆ ಸ್ವಲ್ಪ ಮೊದಲೇ ಬದಲಿಸುತ್ತಿದ್ದೆ. ಸರ್ವೋ, ಎಚ್‌ಪಿ, ಮ್ಯಾಕ್, ಕ್ಯಾಸ್ಟ್ರಾಲ್, ಗಲ್ಫ್, ಯಾವುದಾದರೂ ಆಗಬಹುದು. ಹೆಸರಿಗಿಂತ ಹಿಂಬದಿಯ ಎಪಿಐ ಅಕ್ಷರ, ಅಂದರೆ ಸಿಐ-4, ಸಿಕೆ-4 ಎಂಬಂಥ ಗುಣಮಟ್ಟದ ಗುರುತು ಮುಖ್ಯ. ಟರ್ಬೊ ಬಗ್ಗೆ ಮನಸ್ಸಿಗೆ ಸಮಾಧಾನ ಬೇಕು, ಖರ್ಚಿಗೆ ಅಡ್ಡಿ ಇಲ್ಲ ಎಂದಾದರೆ ಸಿಂಥೆಟಿಕ್ ಹಾಕಿ, ಆದರೆ 15ಡಬ್ಲ್ಯು-40 ಅಥವಾ ಮ್ಯಾನ್ಯುಯಲ್ ಒಪ್ಪುವ ಬೇರೆ 40ರ ಗ್ರೇಡೇ ಇರಲಿ, ಅವಧಿಯೂ ಹಳೆಯದೇ ಇರಲಿ. ಈ ಕೊನೆಯ 40 ಎಂಬುದು 100 ಡಿಗ್ರಿ ಬಿಸಿಯಲ್ಲಿ ಎಣ್ಣೆ ಎಷ್ಟು ದಪ್ಪ ಉಳಿಯುತ್ತದೆ ಎಂಬುದರ ಗುರುತು. 2.3 ಲಕ್ಷ ಓಡಿ ಬೇರಿಂಗ್ ಸವೆದ ಎಂಜಿನ್ನಿಗೆ ಅದನ್ನು 30ಕ್ಕೆ ಇಳಿಸಬೇಡಿ. ದಪ್ಪ ಇದ್ದಷ್ಟೂ ಒಳ್ಳೆಯದು ಅಂತ 50ಕ್ಕೆ ಏರಿಸುವುದೂ ಬೇಡ.

ಇನ್ನು ಹೊಸ ಗಾಡಿ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್6 ಎಂಬ ಹೊಗೆ ನಿಯಮ ಬಂತು. ಡೀಸೆಲಿನ ಗಂಧಕ 50 ಪಿಪಿಎಂನಿಂದ (ಹತ್ತು ಲಕ್ಷಕ್ಕೆ 50 ಪಾಲು) 10ಕ್ಕೆ ಇಳಿಯಿತು. ಡೀಸೆಲ್ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ ಎಂಬ ಜರಡಿ ಬಂದು ಕೂತಿತು. ಹೊಗೆಯ ಮಸಿ ಅದರಲ್ಲಿ ನಿಲ್ಲುತ್ತದೆ. ತುಂಬಿದಾಗ ಎಂಜಿನ್ ತಾನಾಗಿ ಸ್ವಲ್ಪ ಹೆಚ್ಚು ಡೀಸೆಲ್ ಬಿಟ್ಟು ಬಿಸಿ ಏರಿಸಿ ಮಸಿಯನ್ನು ಸುಟ್ಟುಹಾಕುತ್ತದೆ. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಆ ಬೂದಿ ಬರುವುದು ಎಂಜಿನ್ ಆಯಿಲಿನ ಮದ್ದುಗಳಿಂದ. ಪ್ರತಿ ಎಂಜಿನ್ ಚೂರು ಪಾರು ಆಯಿಲ್ ಸುಟ್ಟೇ ಸುಡುತ್ತದೆ, ಅದರ ಬೂದಿ ಜರಡಿಯಲ್ಲಿ ಕೂತರೆ ಕೂತಿತು.

ಆದ್ದರಿಂದ ಈ ಗಾಡಿಗಳಿಗೆ ಕಡಿಮೆ ಬೂದಿಯ ಆಯಿಲ್ ಬೇಕು. ಹಳೆ ಗಾಡಿಗೆ ನೀವು ಹಾಕುತ್ತಿರುವುದು ಬಹುಶಃ ಸಿಐ-4. ಅದು 2002ರ ಮಟ್ಟ, ಡಿಪಿಎಫ್ ಯೋಚನೆ ಮಾಡಿ ತಯಾರಿಸಿದ್ದಲ್ಲ. ಬೂದಿಗೆ ಅದರಲ್ಲಿ ಮಿತಿ ಇಲ್ಲ. 2016ರ ಕೊನೆಗೆ ಬಂದ ಸಿಕೆ-4ರಲ್ಲಿ ಮಿತಿ ಶೇ 1. ಯುರೋಪಿನ ವಾಹನ ತಯಾರಕರ ಸಂಘ ಎಸಿಇಎಯ ಪಟ್ಟಿಯ ಸಿ3 ಎಂಬುದರಲ್ಲಿ ಶೇ 0.8. ನಿಮ್ಮ ಹೊಸ ಗಾಡಿಯ ಮ್ಯಾನ್ಯುಯಲ್ ಇವುಗಳಲ್ಲಿ ಯಾವುದನ್ನು ಕೇಳುತ್ತದೆ ನೋಡಿ, ಅದನ್ನೇ ಹಾಕಿ. ವಾರಂಟಿ ಮುಗಿದಿದ್ದರೂ ಅಷ್ಟೆ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಕಡಿಮೆ ಬೂದಿ ಅಂದರೆ ಸಿಂಥೆಟಿಕ್ ಅಂತ ತಿಳಿಯುತ್ತಾರೆ. ಮಿನರಲ್ ಸಿಕೆ-4 ಆಯಿಲೂ ಸಿಗುತ್ತದೆ. ಬೂದಿ ಜಾಸ್ತಿ ಇರುವ ದುಬಾರಿ ಸಿಂಥೆಟಿಕ್ ಕೂಡ ಸಿಗುತ್ತದೆ. ಮುಂಬದಿಯ ದೊಡ್ಡ ಅಕ್ಷರ ನೋಡಿ ಸಿಂಥೆಟಿಕ್ ಸಿಐ-4 ತಂದು ಬಿಎಸ್6 ಗಾಡಿಗೆ ಹಾಕಿದರೆ ದುಡ್ಡೂ ಹೋಯಿತು, ಜರಡಿಗೂ ಕಷ್ಟ.

ಎರಡಕ್ಕೂ ಒಂದೇ ಆಯಿಲ್ ಸಾಧ್ಯವಾ ಎಂದು ಕೇಳಿದ್ದೀರಿ. ಒಂದು ಸಂದರ್ಭದಲ್ಲಿ ಸಾಧ್ಯ. ಹೊಸ ಗಾಡಿಯ ಪುಸ್ತಕದಲ್ಲಿ ಸಿಕೆ-4 15ಡಬ್ಲ್ಯು-40 ಆಗಬಹುದು ಎಂದು ಬರೆದಿದ್ದರೆ ಅದನ್ನೇ ಎರಡಕ್ಕೂ ಹಾಕಿ. ಸಿಐ-4 ಕೇಳುವ ಹಳೆ ಎಂಜಿನಿಗೆ ಸಿಕೆ-4 ಧಾರಾಳವಾಗಿ ಆಗುತ್ತದೆ. ಹಿಂದೆ ಡೀಸೆಲಿನಲ್ಲಿ ಗಂಧಕ ಜಾಸ್ತಿ ಇದ್ದಾಗ ಆಮ್ಲ ಹೆಚ್ಚು ಬರುತ್ತಿತ್ತು, ಅದಕ್ಕೆ ಜಾಸ್ತಿ ಮದ್ದಿನ ಆಯಿಲ್ ಬೇಕಿತ್ತು. ಈಗ ಎಲ್ಲ ಬಂಕಿನಲ್ಲೂ 10 ಪಿಪಿಎಂ ಡೀಸೆಲೇ. ಆದರೆ ಹೊಸದು 5ಡಬ್ಲ್ಯು-30 ಸಿ3 ಕೇಳುತ್ತಿದ್ದರೆ ಎರಡು ಬೇರೆ ಬೇರೆ ಕ್ಯಾನ್ ಇಡಲೇಬೇಕು. ಗಾಡಿ ನಂಬರನ್ನು ಮಾರ್ಕರಿನಲ್ಲಿ ಕ್ಯಾನಿನ ಮೇಲೆ ಬರೆದಿಡಿ. ಎಫ್ಎ-4 ಎಂದು ಬರೆದ ಆಯಿಲ್ ಯಾರಾದರೂ ತೋರಿಸಿದರೆ ಬೇಡ ಎನ್ನಿ, ಅದು ಬೇರೆಯೇ ತೆಳು ಜಾತಿ, ಹಳೆ ಎಂಜಿನುಗಳಿಗೆ ಆಗುವಂಥದ್ದಲ್ಲ.

ಮಗ ಸುರಿದ ಆ ಒಂದು ಲೀಟರಿಗೆ ಹೆದರುವುದು ಬೇಡ. ಬೂದಿ ತುಂಬುವುದು ಹತ್ತಾರು ಸಾವಿರ ಕಿಲೋಮೀಟರಿನಲ್ಲಿ, ಒಂದು ತಿಂಗಳಲ್ಲಿ ಅಲ್ಲ. ಮುಂದಿನ ಚೇಂಜನ್ನು ಸ್ವಲ್ಪ ಬೇಗ ಮಾಡಿಸಿ, ಸರಿಯಾದ ಆಯಿಲ್ ಹಾಕಿಸಿದರೆ ಮುಗಿಯಿತು. ನನಗೆ ಅನುಮಾನ ಬೇರೆ. ಡಿಪ್‌ಸ್ಟಿಕ್‌ನ ಮಿನ್‌ನಿಂದ ಮ್ಯಾಕ್ಸ್‌ಗೆ ಇರುವ ಅಂತರವೇ ಬಹಳ ಗಾಡಿಗಳಲ್ಲಿ ಒಂದು, ಒಂದೂವರೆ ಲೀಟರ್. ಸ್ವಲ್ಪ ಕಮ್ಮಿ ಕಂಡದ್ದಕ್ಕೆ ಇಡೀ ಲೀಟರ್ ಸುರಿದರೆ ಮ್ಯಾಕ್ಸ್ ದಾಟಿರಬಹುದು. ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಇವತ್ತೇ ನೋಡಿ. ಮ್ಯಾಕ್ಸ್ ಮೀರಿದ್ದರೆ ಹೆಚ್ಚಿನದ್ದನ್ನು ತೆಗೆಸಿ.

ಈ ಗಾಡಿಯಲ್ಲಿ ಆಯಿಲ್ ಮಟ್ಟ ತಾನಾಗಿ ಏರುವುದೂ ಉಂಟು. ಕೇಳಿದರೆ ವಿಚಿತ್ರ ಅನಿಸುತ್ತದೆ, ಅಲ್ವಾ? ಡಿಪಿಎಫ್ ಸುಡಲು ಬಿಟ್ಟ ಹೆಚ್ಚುವರಿ ಡೀಸೆಲಿನಲ್ಲಿ ಸ್ವಲ್ಪ ಸಿಲಿಂಡರಿನ ಗೋಡೆಗುಂಟ ಇಳಿದು ಆಯಿಲಿಗೆ ಸೇರುತ್ತದೆ. ಗಾಡಿ ಹೆದ್ದಾರಿಯಲ್ಲಿ ಒಂದೇ ಸಮ ಓಡಿದರೆ ಆ ಕೆಲಸ ಒಂದು ಸಲಕ್ಕೆ ಮುಗಿಯುತ್ತದೆ. ನಿಮ್ಮ ಮಗನದ್ದು ಮಲ್ಪೆಯಿಂದ ಮಣಿಪಾಲ, ಹತ್ತು ಹೋಟೆಲು, ಹತ್ತು ಸಲ ಆಫ್. ಅರ್ಧಕ್ಕೆ ನಿಂತ ಕೆಲಸ ಮತ್ತೆ ಮತ್ತೆ ಶುರುವಾಗುತ್ತದೆ, ಪ್ರತಿ ಸಲ ಡೀಸೆಲ್ ಇಳಿಯುತ್ತದೆ. ಆಯಿಲ್ ತೆಳುವಾಗುತ್ತದೆ. ಎಷ್ಟೇ ದುಬಾರಿ ಸಿಂಥೆಟಿಕ್ ಆದರೂ ಡೀಸೆಲ್ ಬೆರೆತರೆ ತೆಳುವೇ. ಹಾಗಾಗಿ ಕಡಿಮೆ ಕಿ.ಮೀ. ಓಡುವ ಈ ಗಾಡಿಗೇ 20,000ದ ಮಾತು ಸ್ವಲ್ಪವೂ ಒಗ್ಗುವುದಿಲ್ಲ. ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಲಿ. ಮಟ್ಟ ಏರುತ್ತಿದ್ದರೆ, ಎಣ್ಣೆಗೆ ಡೀಸೆಲ್ ವಾಸನೆ ಇದ್ದರೆ, ಕಿ.ಮೀ. ಲೆಕ್ಕ ನೋಡದೆ ಬದಲಿಸಿ. ವಾರದಲ್ಲಿ ಒಂದು ಸಲ ಖಾಲಿ ಗಾಡಿಯನ್ನೇ ಆಗಲಿ, ಹೆದ್ದಾರಿ 66ರಲ್ಲಿ ಕುಂದಾಪುರದ ಕಡೆಗೋ ಸುರತ್ಕಲ್ ಕಡೆಗೋ ಅರ್ಧ ಗಂಟೆ ನಿಲ್ಲಿಸದೆ ಓಡಿಸಿಕೊಂಡು ಬರಲಿ. ಡಿಪಿಎಫ್ ದೀಪ ಹತ್ತಿದರೆ ಅವತ್ತೇ ಓಡಿಸಲಿ, ಮುಂದೂಡುವುದು ಬೇಡ.

ನೀವು ಕೇಳದಿದ್ದರೂ ಮೀನು ನಿಷೇಧದ ಎರಡು ತಿಂಗಳ ಬಗ್ಗೆ ಹೇಳಬೇಕು. ಸಾಮಾನ್ಯವಾಗಿ ಎಲ್ಲರೂ ಆಗಸ್ಟ್‌ನಲ್ಲಿ ಸೀಸನ್ ಶುರುವಾಗುವಾಗ ಆಯಿಲ್ ಬದಲಿಸುತ್ತಾರೆ. ಮೇ ಕೊನೆಯಲ್ಲಿ, ಗಾಡಿ ನಿಲ್ಲಿಸುವ ಮೊದಲೇ ಬದಲಿಸಿ. ಹಳೆ ಆಯಿಲಿನಲ್ಲಿ ಆಮ್ಲ ಇರುತ್ತದೆ, ನೀರಿನ ಪಸೆ ಇರುತ್ತದೆ. ಮಳೆಗಾಲದ ಥಂಡಿಯಲ್ಲಿ ಅದು ಎರಡು ತಿಂಗಳು ಬೇರಿಂಗಿನ ಮೇಲೆ ಕೂತರೆ ಲೋಹ ತಿನ್ನುತ್ತದೆ. ಹೊಸ ಆಯಿಲ್ ಹಾಕಿ ಒಂದು ಸುತ್ತು ಓಡಿಸಿ ನಿಲ್ಲಿಸಿದರೆ ಎಂಜಿನ್ ಸುಖವಾಗಿರುತ್ತದೆ. ದಿನಾ ಬೆಳಗ್ಗೆ ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವ ಅಭ್ಯಾಸ ಇದ್ದರೆ ಬಿಡಿ. ಎಂಜಿನ್ ಬಿಸಿಯಾಗದೆ ಒಳಗೆ ನೀರು ಕಟ್ಟುತ್ತದೆ ಅಷ್ಟೆ. ಓಡಿಸುವುದಾದರೆ ಅರ್ಧ ಗಂಟೆ ಓಡಿಸಿ, ಇಲ್ಲವಾದರೆ ಬ್ಯಾಟರಿ ವಯರ್ ಕಳಚಿ ಸುಮ್ನೆ ಬಿಡಿ. ಮಳೆಗಾಲದಲ್ಲಿ ಆಯಿಲ್ ಮುಚ್ಚಳದ ಅಡಿಯಲ್ಲಿ ಹಾಲಿನ ಕೆನೆಯಂಥ ನೊರೆ ಕಂಡರೆ ಹೆಚ್ಚಾಗಿ ಇದೇ ನೀರು. ಒಂದು ಉದ್ದ ಓಟದ ನಂತರವೂ ಹೋಗದಿದ್ದರೆ, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ತೋರಿಸಿ.

ಖರೀದಿಸುವಾಗ ಬ್ಯಾರೆಲಿನಿಂದ ಅಳೆದು ಕೊಡುವ ಲೂಸ್ ಆಯಿಲ್ ಬೇಡ. ಸೀಲಿರುವ ಕ್ಯಾನೇ ಇರಲಿ, ಬಂಕಿನಿಂದಲೋ ಕಂಪನಿಯ ಡೀಲರಿಂದಲೋ ತನ್ನಿ. ಬಿಲ್ಲಿನಲ್ಲಿ ಗ್ರೇಡ್ ಬರೆಸಿ. ಹೊಸ ಗಾಡಿಯ ವಾರಂಟಿ ಮಾತು ಬಂದಾಗ ಆ ಕಾಗದವೇ ಸಾಕ್ಷಿ. ಖಾಲಿ ಕ್ಯಾನನ್ನು ಗುಜರಿಗೆ ಕೊಡುವ ಮೊದಲು ಬುಡಕ್ಕೆ ತೂತು ಹೊಡೆಯಿರಿ, ನಿಮ್ಮದೇ ಕ್ಯಾನಿನಲ್ಲಿ ನಕಲಿ ಆಯಿಲ್ ತುಂಬಿ ಬರುವುದು ಬೇಡ. ತೆಗೆದ ಹಳೆ ಆಯಿಲನ್ನು ನಮ್ಮ ಕಡೆ ಸೆಂಟ್ರಿಂಗ್ ಹಲಗೆಗೆ, ಬೇಲಿಯ ಕಂಬಕ್ಕೆ ಹಚ್ಚಲು ಒಯ್ಯುತ್ತಾರೆ. ಅದು ಚರ್ಮಕ್ಕೆ ಒಳ್ಳೆಯದಲ್ಲ, ಕ್ಯಾನ್ಸರ್ ತರುವ ಅಂಶ ಅದರಲ್ಲಿದೆ. ತೋಡಿಗೆ ಸುರಿದರಂತೂ ಅದು ಹೋಗಿ ಸೇರುವುದು ನೀವು ಮೀನು ತರುವ ನೀರಿಗೇ. ಗ್ಯಾರೇಜಿನಲ್ಲಿ ಹಳೆ ಆಯಿಲಿನ ಡ್ರಮ್ ಇಟ್ಟಿರುತ್ತಾರೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರು ಅದನ್ನು ಮರುಬಳಕೆಗೆ ಒಯ್ಯುತ್ತಾರೆ. ನಿಮ್ಮ ಗ್ಯಾರೇಜಿನವರು ಅಂಥವರಿಗೇ ಕೊಡುತ್ತಾರಾ ಎಂದು ಒಂದು ಮಾತು ಕೇಳಿ, ಹಳೆಯದನ್ನು ಅಲ್ಲೇ ಬಿಟ್ಟು ಬನ್ನಿ.